ಬಿಡಿ ಸಾಮಾನು ಕಣ್ಮುಚ್ಚಿ ತಗೊಳ್ಳಿ, ರೆಡಿ ಮಾಡೆಲ್ ಮಾತ್ರ ಬೇಡ

ಕೋಲಾರ ಪೇಟೆಯಲ್ಲಿ ಮಕ್ಕಳ ಸೈನ್ಸ್ ಮಾಡೆಲ್ ಸಾಮಾನು ಸಿಗೋ ಅಂಗಡಿ ಇದು. ನಮ್ ಹೈಸ್ಕೂಲಲ್ಲಿ ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ವಸ್ತುಪ್ರದರ್ಶನ ಇಡ್ತೀವಿ, ಮುಂಚೆ ಒಂದು ಮೋಟ್ರು ಬೇಕಂದ್ರೂ ಬೆಂಗಳೂರು ಎಸ್.ಪಿ. ರೋಡಿಗೆ ಹೋಗೋ ಯಾರನ್ನಾದ್ರೂ ಹುಡುಕ್ಬೇಕಿತ್ತು, ಈಗ ಆ ತಾಪತ್ರಯ ಇಲ್ಲ.

ಈ ಸಲ ಒಂಬತ್ತನೇ ಕ್ಲಾಸ್ ಹುಡುಗೀರು ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ) ನೀರಿನ ಯೋಜನೆ ಮಾಡೆಲ್ಲೇ ಮಾಡ್ತೀವಿ ಅಂತ ಹಟ ಹಿಡಿದ್ರು. ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತ ಶುದ್ಧ ಮಾಡಿ, ಪಂಪ್ ಹಾಕಿ ಎತ್ತಿ, 2018ರಿಂದ ಲಕ್ಷ್ಮೀಸಾಗರ ಕೆರೆಗೆ ಬಿಟ್ಟು ಅಲ್ಲಿಂದ ಕೆರೆ ಕೆರೆ ತುಂಬಿಸ್ತಾ ಬರೋದು, ನಮ್ ಕಡೆ ಮಕ್ಕಳಿಗೆ ದಿನಾ ಕಣ್ಣಿಗೆ ಬೀಳೋ ವಿಷ್ಯ. ಅದಕ್ಕೆ ನೀರಲ್ಲಿ ಮುಳುಗಿಸೋ ಚಿಕ್ಕ ಪಂಪು, ಟ್ಯೂಬು ಬೇಕಿತ್ತು. ನಾನು 9 ವೋಲ್ಟ್ ಬ್ಯಾಟ್ರಿ ಕೇಳಿದ್ದಕ್ಕೆ ಕೌಂಟರ್‌ನಲ್ಲಿದ್ದೋರು, "ಬೇಡ ಮೇಡಂ, ಈ ಪಂಪು 3ರಿಂದ 6 ವೋಲ್ಟಿಂದು, ಆ ಬ್ಯಾಟ್ರಿ ಜಾಸ್ತಿ ಕರೆಂಟೂ ಕೊಡಲ್ಲ, ಬೇಗ ಇಳಿದೋಗುತ್ತೆ, ನಾಲ್ಕು ಪೆನ್ಸಿಲ್ ಸೆಲ್ ಹಾಕೋ ಹೋಲ್ಡರ್ ತಗೊಳ್ಳಿ" ಅಂದು, ಅಲ್ಲೇ ಒಂದು ಮಗ್ಗಲ್ಲಿ ನೀರು ತುಂಬಿ ಪಂಪು ಓಡಿಸಿ ತೋರಿಸೇ ಕೊಟ್ರು. ನೀರಿಲ್ದೆ ಓಡಿಸಿದ್ರೆ ಸುಟ್ಟೋಗುತ್ತೆ ಅಂತ ಹುಡುಗೀರಿಗೂ ಹೇಳಿದ್ರು. ಎಲ್‌ಇಡಿ ಜೊತೆಗೆ ಅದು ಸುಟ್ಟೋಗದಿರ್ಲಿ ಅಂತ ಕೇಳ್ದಲೇ 330 ಓಮ್ ರೆಸಿಸ್ಟರ್ ಹಾಕಿಕೊಟ್ರು, ಥರ್ಮಾಕೋಲ್‌ಗೆ ಫೆವಿಕಾಲೇ ಸಾಕು, ಫೆವಿಕ್ವಿಕ್ ಹಚ್ಚಿದ್ರೆ ಕರಗಿ ತೂತು ಬೀಳುತ್ತೆ ಅಂತಾನೂ ಅಂದ್ರು. ಇಷ್ಟು ತಾಳ್ಮೆಯಿಂದ ಹೇಳೋರು ಆನ್‌ಲೈನಲ್ಲಿ ಎಲ್ಲಿ ಸಿಗ್ತಾರೆ ಹೇಳಿ.

ಆದ್ರೆ ಮುಂದಿನ ಶೋಕೇಸ್‌ನಲ್ಲಿ ಸಾಲಾಗಿ ರೆಡಿ ಮಾಡೆಲ್ ಇಟ್ಟವ್ರಲ್ಲ, ಸ್ಮಾರ್ಟ್ ಡಸ್ಟ್‌ಬಿನ್, ಮಳೆ ಅಲಾರಂ, ಸಿರಿಂಜ್ ಜೆಸಿಬಿ, ಅದು ನಂಗೆ ಸ್ವಲ್ಪಾನೂ ಇಷ್ಟ ಆಗ್ಲಿಲ್ಲ. ಶಾಲೆ ಮಕ್ಕಳ ಹೊಸ ಐಡಿಯಾಗೆ ಕೇಂದ್ರ ಸರ್ಕಾರ ಕೊಡೋ ಇನ್‌ಸ್ಪೈರ್ ಅವಾರ್ಡಿಗೆ ಸೆಲೆಕ್ಟ್ ಆದ ಮಕ್ಕಳ ಅಕೌಂಟಿಗೆ ಮಾಡೆಲ್ ಮಾಡೋಕೆ 10,000 ರೂಪಾಯಿ ಬರುತ್ತೆ, ಅದನ್ನ ನೋಡ್ಕೊಂಡೇ ರೇಟ್ ಹಾಕವ್ರೇನೋ ಅನ್ಸುತ್ತೆ. ನಮ್ ಹುಡುಗನೊಬ್ಬ ಅಪ್ಪನ್ನ ಕಾಡಿ ಬೇಡಿ ಡಸ್ಟ್‌ಬಿನ್ ತಂದ, ಕೈ ಹತ್ರ ತಂದ್ರೆ ಮುಚ್ಚಳ ತೆಗಿಯುತ್ತೆ, ಎಲ್ಲರೂ ಚಪ್ಪಾಳೆ ಹೊಡೆದ್ರು. ಜಡ್ಜ್ ಬಂದು "ಕೈ ಬಂದಿದ್ದು ಅದಕ್ಕೆ ಹೆಂಗಪ್ಪ ಗೊತ್ತಾಗುತ್ತೆ?" ಅಂದ್ರೆ ಸೆನ್ಸಾರ್ ಸರ್ ಅಂದು ಸುಮ್ನಾದ. ನಮ್ ಕಿವಿಗೆ ಕೇಳಿಸದ ಶಬ್ದ ಹೋಗಿ ಕೈಗೆ ತಗುಲಿ ವಾಪಸ್ ಬರೋ ಟೈಮಿಂದ ದೂರ ಲೆಕ್ಕ ಹಾಕುತ್ತೆ ಅಂತ ಅಂಗಡಿಯೋರು ಒಂದು ಚೀಟಿನಾದ್ರೂ ಬರೆದಿಡ್ಬೋದಿತ್ತು. ಅದೇ ಸೆನ್ಸಾರು, ಮುಚ್ಚಳ ಎತ್ತೋ ಸರ್ವೋ ಮೋಟ್ರು ಬಿಡಿಯಾಗೂ ಅಲ್ಲೇ ಇದೆ, ಕೇಳಿದ್ರೆ ಮಾತ್ರ ಒಳಗಿಂದ ತರ್ತಾರೆ.

ಇನ್ನು ಬಿಲ್ಲು. ಶಾಲೆ ಲೆಕ್ಕಕ್ಕೆ ಜಿಎಸ್‌ಟಿ ಬಿಲ್ ಬೇಕು ಅಂದ್ರೆ ಮೊದ್ಲು ಬಿಳಿ ಚೀಟಿ ಮೇಲೆ ಬರ್ಕೊಡ್ತಾರೆ, ಎರಡ್ಮೂರು ಸಲ ಕೇಳ್ಬೇಕು, ದುಡ್ಡು ಕೊಡೋಕ್ ಮುಂಚೆನೇ ಹೇಳ್ಬಿಡಿ. ತಂತಿ ಬೆಸುಗೆ ಹಾಕಿದ್ ಮೇಲೆ ಯಾವ್ದನ್ನೂ ವಾಪಸ್ ತಗೊಳಲ್ಲ. ಫೆಬ್ರವರಿ ಕೊನೆ ವಾರ ಸಂಜೆ ಹೊತ್ತು ಹೋದ್ರೆ ಕೌಂಟರ್ ಹತ್ರ ನಿಲ್ಲಕ್ಕೂ ಜಾಗ ಇರಲ್ಲ, ಬೆಳಿಗ್ಗೆನೇ ಹೋಗಿ.