ಬಾನಿ ಬ್ಯಾಸ್ಲರ್ ಅವರ ಉಪನ್ಯಾಸಗಳು: ಬ್ಯಾಕ್ಟೀರಿಯಾಗಳಿಗೂ ಕೋರಂ ಬೇಕು

ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ 1994ರಿಂದ ಸಂಶೋಧನೆ ಮತ್ತು ಬೋಧನೆ ನಡೆಸುತ್ತಿರುವ ಪ್ರೊ. ಬಾನಿ ಬ್ಯಾಸ್ಲರ್ ಅವರ ಪಾಠವನ್ನು ಮನೆಯಲ್ಲೇ ಕುಳಿತು ಉಚಿತವಾಗಿ ಕೇಳಲು ಎರಡು ದಾರಿಗಳಿವೆ: 2009ರಲ್ಲಿ ಟೆಡ್ ವೇದಿಕೆಯ ಮೇಲೆ ಅವರು ಮಾಡಿದ ಚಿಕ್ಕ ಭಾಷಣ ಮತ್ತು ಐಬಯಾಲಜಿ ತಾಣದಲ್ಲಿರುವ ದೀರ್ಘ ಉಪನ್ಯಾಸ. ಸೂಕ್ಷ್ಮಜೀವಶಾಸ್ತ್ರ ಓದುವವರು ಮೊದಲನೆಯದನ್ನು ಕುತೂಹಲಕ್ಕಾಗಿ ನೋಡಿ, ಎರಡನೆಯದನ್ನು ಟಿಪ್ಪಣಿ ಪುಸ್ತಕ ಹಿಡಿದು ಕೇಳಬೇಕು.

ವಿಷಯ ಕೋರಂ ಸೆನ್ಸಿಂಗ್, ಅಂದರೆ ತಮ್ಮ ಸಂಖ್ಯೆ ಸಾಕಷ್ಟಾಗಿದೆಯೇ ಎಂದು ಬ್ಯಾಕ್ಟೀರಿಯಾಗಳು ಅರಿಯುವ ಬಗೆ. ಕೋರಂ ಇಲ್ಲದೆ ಗ್ರಾಮಸಭೆಯನ್ನು ಮುಂದೂಡಿದ್ದನ್ನು ಕಂಡವರಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿಬ್ರಿಯೊ ಫಿಶರಿ ಎಂಬ ಸಮುದ್ರದ ಬ್ಯಾಕ್ಟೀರಿಯಾ ಒಂಟಿಯಾಗಿದ್ದಾಗ ಬೆಳಕು ಸೂಸುವುದಿಲ್ಲ. ಆದರೆ ಪ್ರತಿಯೊಂದು ಕೋಶವೂ ಒಂದು ಸಣ್ಣ ಅಣುವನ್ನು ತಯಾರಿಸಿ ಹೊರಗೆ ಬಿಡುತ್ತಿರುತ್ತದೆ, ಕೋಶಗಳು ಹೆಚ್ಚಿದಂತೆ ಆ ಅಣುವೂ ಸುತ್ತ ಶೇಖರವಾಗಿ, ಒಂದು ಮಟ್ಟ ಮುಟ್ಟಿದೊಡನೆ ಎಲ್ಲವೂ ಒಟ್ಟಿಗೆ ಬೆಳಗತೊಡಗುತ್ತವೆ. ಹವಾಯಿಯ ಪುಟ್ಟ ಸ್ಕ್ವಿಡ್ ಎಂಬ ಕಡಲಜೀವಿ ಈ ಬ್ಯಾಕ್ಟೀರಿಯಾವನ್ನು ಮೈಯೊಳಗೆ ಸಾಕಿಕೊಂಡು, ಮೇಲಿನಿಂದ ಬೀಳುವ ಬೆಳದಿಂಗಳಿಗೆ ಸರಿಹೊಂದುವಷ್ಟು ಬೆಳಕನ್ನು ಕೆಳಕ್ಕೆ ಚೆಲ್ಲಿ ತನ್ನ ನೆರಳನ್ನು ಮರೆಸುತ್ತದೆ. ಬೆಳಗಾಗುತ್ತಿದ್ದಂತೆ ಆ ಬ್ಯಾಕ್ಟೀರಿಯಾಗಳಲ್ಲಿ ಶೇಕಡ 95ರಷ್ಟನ್ನು ಹೊರಹಾಕುತ್ತದೆ. ಬ್ಯಾಸ್ಲರ್ ಈ ಕಥೆಯನ್ನು ಮುಂದಿಟ್ಟು, ಕೇಳುಗರ ಮನಸ್ಸಿನಲ್ಲಿ ‘ಎಣಿಸುವುದು ಹೇಗೆ?’ ಎಂಬ ಪ್ರಶ್ನೆ ಮೂಡುವವರೆಗೂ ಕಾದು, ಆಮೇಲಷ್ಟೇ ಜೀನು, ಪ್ರೋಟೀನುಗಳ ಹೆಸರು ಎತ್ತುತ್ತಾರೆ. ಮೊದಲ ಪುಟದಲ್ಲೇ ವ್ಯಾಖ್ಯೆ ಬರೆಸಿಬಿಡುವ ನಮ್ಮ ಅಭ್ಯಾಸ ನೆನಪಾಗಿ ನನಗೆ ತುಸು ಸಂಕೋಚವಾಯಿತು.

ಅವರ ಬೋಧನೆಯ ಸ್ಪಷ್ಟತೆ ಸಂಶೋಧನೆಯಿಂದಲೇ ಬಂದದ್ದೆಂದು ನನಗೆ ತೋರುತ್ತದೆ. ಅವರು ಆರಿಸಿಕೊಂಡ ವಿಬ್ರಿಯೊ ಹಾರ್ವಿಯಿ ಎಂಬ ಇನ್ನೊಂದು ಬೆಳಗುವ ಬ್ಯಾಕ್ಟೀರಿಯಾದಲ್ಲಿ ಬೆಳಕಿನ ಜೀನು ಚಾಲೂ ಆಗಿದೆಯೇ ಇಲ್ಲವೇ ಎಂಬುದನ್ನು ಕತ್ತಲ ಕೋಣೆಯಲ್ಲಿ ಬರಿಗಣ್ಣಿನಿಂದಲೇ ನೋಡಬಹುದು. ಹಾಗೆ ನೋಡುತ್ತ ಹೋದಾಗ ಅದಕ್ಕೆ ಒಂದೇ ಅಲ್ಲ, ಹೆಚ್ಚು ಸಂಕೇತಗಳು (ಅಂದರೆ ಹೊರಗೆ ಬಿಡುವ ಅಣುಗಳು) ಇರುವುದು ಕಂಡಿತು: ಒಂದು ಸ್ವಜಾತಿಯವರನ್ನು ಎಣಿಸಲು, ಇನ್ನೊಂದು ಹಲವು ಪ್ರಭೇದಗಳ ನಡುವೆ ಬಳಕೆಯಲ್ಲಿರುವ ಎಐ-2 (ಆಟೋಇಂಡ್ಯೂಸರ್-2). ಈ ಎರಡನೆಯದರ ರಚನೆ 2002ರಲ್ಲಿ ಬಯಲಾದಾಗ ಅದರಲ್ಲಿ ಬೋರಾನ್ ಇತ್ತು. ಜೀವಿಗಳ ಅಣುಗಳಲ್ಲಿ ಅಪರೂಪವಾದ ಈ ಮೂಲವಸ್ತು ಅಲ್ಲಿ ಸಿಕ್ಕದ್ದು ಸಣ್ಣ ಸಂಗತಿಯಲ್ಲ.

ಕಾಲರಾ ಕುರಿತ ಭಾಗವೇ ಇಡೀ ಉಪನ್ಯಾಸದಲ್ಲಿ ಶ್ರೇಷ್ಠ. ಅನೇಕ ರೋಗಾಣುಗಳು ಗುಂಪು ದೊಡ್ಡದಾದ ಮೇಲೆ ದಾಳಿ ಮಾಡಿದರೆ, ವಿಬ್ರಿಯೊ ಕಾಲರೆ ಕೋಶಗಳು ಕಡಿಮೆಯಿದ್ದಾಗಲೇ ರೋಗ ತರುವ ಜೀನುಗಳನ್ನು ನಡೆಸಿ, ಸಂಖ್ಯೆ ಹೆಚ್ಚಿದಾಗ ನಿಲ್ಲಿಸಿ, ಕರುಳಿನಿಂದ ಹೊರಬೀಳಲು ಸಿದ್ಧವಾಗುತ್ತದೆ. ಆದ್ದರಿಂದ ಇತರ ರೋಗಾಣುಗಳಲ್ಲಿ ಸಂಕೇತವನ್ನು ತಡೆಯುವ ಔಷಧ ಹುಡುಕಬೇಕಾದರೆ, ಇಲ್ಲಿ ಸಂಕೇತವನ್ನೇ ಔಷಧವಾಗಿ ಕೊಡಬಹುದೇ ಎಂದು ಯೋಚಿಸಬೇಕಾಗುತ್ತದೆ.

ಎರಡು ಎಚ್ಚರಿಕೆಗಳು. ನಮ್ಮ ದೇಹದಲ್ಲಿ ಮಾನವ ಕೋಶಗಳಿಗಿಂತ ಹತ್ತು ಪಟ್ಟು ಬ್ಯಾಕ್ಟೀರಿಯಾಗಳಿವೆ ಎಂದು 2009ರ ಭಾಷಣದಲ್ಲಿ ಬರುತ್ತದೆ. ಆಗ ಎಲ್ಲರೂ ಹಾಗೆಯೇ ಹೇಳುತ್ತಿದ್ದರು, ಆದರೆ 2016ರಲ್ಲಿ ಪ್ರಕಟವಾದ ಲೆಕ್ಕದಂತೆ ಇವೆರಡೂ ಹೆಚ್ಚುಕಡಿಮೆ ಸಮಸಮ. ಇನ್ನು ಬ್ಯಾಕ್ಟೀರಿಯಾಗಳು ‘ಮಾತನಾಡುತ್ತವೆ’ ಎಂಬಂತಹ ಅವರ ಮಾತುಗಾರಿಕೆ ರುಚಿಕರವಾದರೂ, ಪರೀಕ್ಷೆಯಲ್ಲಿ ಅದನ್ನೇ ಉತ್ತರವಾಗಿ ಬರೆಯುವ ವಿದ್ಯಾರ್ಥಿಗಳಿರುತ್ತಾರೆ. ಅಲ್ಲಿ ನಡೆಯುವುದು ಅಣುವೊಂದು ಅದನ್ನು ಹಿಡಿಯುವ ಗ್ರಾಹಕ ಪ್ರೋಟೀನಿಗೆ (ರಿಸೆಪ್ಟರ್) ಅಂಟಿಕೊಳ್ಳುವ ಕ್ರಿಯೆ ಎಂದು ಅಧ್ಯಾಪಕರು ತಿಳಿಸಿಕೊಡಬೇಕು.

ಅವರ ಇಂಗ್ಲಿಷ್ ಬಹಳ ವೇಗವಾದದ್ದು. ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗಳಿಗೆ ತೋರಿಸುವುದಾದರೆ ವೇಗವನ್ನು ಮುಕ್ಕಾಲಿಗೆ ಇಳಿಸಿ, ಸ್ಕ್ವಿಡ್ ಕಥೆ ಮುಗಿದೊಡನೆ ಒಮ್ಮೆ ನಿಲ್ಲಿಸುವುದು ಒಳ್ಳೆಯದು. ಜೀನು ನಿಯಂತ್ರಣದ ಪಾಠ ಆಗದವರಿಗೆ ಕಾಲರಾ ಭಾಗ ತಲೆಗೆ ಹತ್ತುವುದಿಲ್ಲ.