ಬೆಂಗಳೂರಿಗೆ ಹೊಸಬರು: ಬಾಡಿಗೆಯೋ, ಭೋಗ್ಯವೋ?

ಊರಿನ ಮನೆ ಮಾರಿ ಬಂದವರ ಕೈಯಲ್ಲಿ ಒಂದಿಷ್ಟು ಗಂಟು ಇರುತ್ತದೆ. ಬ್ರೋಕರ್‌ಗಳು ಭೋಗ್ಯದ ಮನೆ ತೋರಿಸುವುದು ಇಂಥವರಿಗೇ. ಭೋಗ್ಯ ಎಂದರೆ ದೊಡ್ಡ ಮೊತ್ತವೊಂದನ್ನು ಮಾಲೀಕರಿಗೆ ಕೊಟ್ಟು ತಿಂಗಳ ಬಾಡಿಗೆ ಇಲ್ಲದೆ ಇರುವುದು; ಅವಧಿ ಮುಗಿದಾಗ ಆ ದುಡ್ಡು ವಾಪಸ್.

ಮೊದಲು ಲೆಕ್ಕ. 15 ಲಕ್ಷಕ್ಕೆ ಭೋಗ್ಯ ಎಂದುಕೊಳ್ಳಿ. ಅದೇ ದುಡ್ಡು ಶೇ 7ರ ಎಫ್‌ಡಿಯಲ್ಲಿದ್ದರೆ ತಿಂಗಳಿಗೆ 8,750 ರೂಪಾಯಿ ಬಡ್ಡಿ. ಅಂಥ ಮನೆಯ ಬಾಡಿಗೆ 18,000 ಇದ್ದರೆ ಭೋಗ್ಯವೇ ಲಾಭ. ಸಾಲ ಮಾಡಿ ಭೋಗ್ಯ ಹಾಕುವುದಾದರೆ ಬಡ್ಡಿಯೇ ಬಾಡಿಗೆಯ ಹತ್ತಿರ ಬಂದು ನಿಲ್ಲುತ್ತದೆ, ಬೇಡ.

ಅಪಾಯ ಬೇರೆಡೆ ಇದೆ. ಮನೆಯ ಮೇಲೆ ಸಾಲವಿದ್ದು ಮಾಲೀಕರು ಕಂತು ತಪ್ಪಿಸಿದರೆ ಬ್ಯಾಂಕ್ ಮನೆಯನ್ನು ಹರಾಜು ಹಾಕಬಹುದು, ನಿಮ್ಮ ದುಡ್ಡು ಸಿಕ್ಕಿಕೊಳ್ಳುತ್ತದೆ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇಸಿ (ಆಸ್ತಿಯ ಮೇಲೆ ನೋಂದಾಯಿತ ಸಾಲ, ವಹಿವಾಟು ತೋರಿಸುವ ಋಣಭಾರ ಪ್ರಮಾಣಪತ್ರ) ತೆಗೆಸಿ. ಅದರಲ್ಲಿ ಏನೂ ಕಾಣದಿದ್ದರೂ ಮೂಲ ಕ್ರಯಪತ್ರ ಕೇಳಿ ನೋಡಿ: ಬರೀ ಜೆರಾಕ್ಸ್ ತೋರಿಸಿದರೆ ಅಸಲು ಬ್ಯಾಂಕಿನಲ್ಲಿ ಅಡವಿದೆಯೇ ಎಂದು ವಿಚಾರಿಸಲೇಬೇಕು. ಒಂದು ವರ್ಷ ಮೀರಿದ ಕರಾರನ್ನು ಸಬ್‌ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. ದುಡ್ಡು ಚೆಕ್ ಅಥವಾ ಆರ್‌ಟಿಜಿಎಸ್‌ನಲ್ಲಿ, ಮಾಲೀಕರ ಖಾತೆಗೇ.

ಬಾಡಿಗೆಯಲ್ಲಿ ಮುಳುಗುವ ದುಡ್ಡು ಕಡಿಮೆ: ಅಡ್ವಾನ್ಸ್, 11 ತಿಂಗಳ ಕರಾರು, ಬಿಡುವಾಗ ಪೇಂಟಿಂಗ್‌ಗೆ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ಕಡಿತ. ನೀರಿನ ಬಿಲ್ ಒಳಗೋ ಹೊರಗೋ, ಬೋರ್‌ವೆಲ್ ಬತ್ತಿದಾಗ ಟ್ಯಾಂಕರ್ ಖರ್ಚು ಯಾರದು, ಬರೆಸಿಕೊಳ್ಳಿ.

ಏರಿಯಾ, ಆಫೀಸು, ಮಕ್ಕಳ ಶಾಲೆ ಇನ್ನೂ ಗೊತ್ತಾಗದಿದ್ದರೆ ಮೊದಲ ವರ್ಷ ಬಾಡಿಗೆಯೇ ಸರಿ. ಭೋಗ್ಯದ ಮನೆಯನ್ನು ಅವಧಿಗೆ ಮುಂಚೆ ಬಿಟ್ಟರೆ, ಹೊಸಬರು ಸಿಗುವ ತನಕ ಮಾಲೀಕರು ಹಣ ವಾಪಸ್ ಕೊಡುವುದು ಅಪರೂಪ.