‘ಒರಿಜಿನಲ್ಲೇ ಸಾರ್’ ಅಂದ ಬ್ಯಾಟರಿ: ಸ್ಟಿಕ್ಕರ್ ಕಿತ್ತಾಗ ಕಂಡದ್ದು

ಫೋನಿಗೆ ಮೂರನೇ ವರ್ಷ ನಡೆಯುತ್ತಿತ್ತು. 5000 ಎಂಎಎಚ್ ಬ್ಯಾಟರಿ. ಬೆಳಿಗ್ಗೆ ಪೂರ್ತಿ ಚಾರ್ಜ್ ಮಾಡಿದ್ದು ಮಧ್ಯಾಹ್ನ ಮೂರು ಗಂಟೆಗೆ 15 ಪರ್ಸೆಂಟಿಗೆ ಬಂದು ನಿಲ್ಲುತ್ತಿತ್ತು. 25 ಇರುವಾಗ ಕ್ಯಾಮೆರಾ ತೆರೆದರೆ ಸೀದಾ ಆಫ್. ಬ್ಯಾಟರಿ ಮುದಿಯಾಯಿತು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ವಯಸ್ಸಾದ ಸೆಲ್ಲಿನ ಒಳಗೆ ರೋಧ, ಅಂದರೆ ಕರೆಂಟಿಗೆ ಅಡ್ಡಿ, ಹೆಚ್ಚಿರುತ್ತದೆ. ಕ್ಯಾಮೆರಾ, ಫ್ಲ್ಯಾಶ್ ಒಟ್ಟಿಗೆ ಕರೆಂಟ್ ಎಳೆದ ಕ್ಷಣ ವೋಲ್ಟೇಜ್ ಕುಸಿದು ಫೋನ್ ತಾನಾಗಿ ಕಣ್ಣು ಮುಚ್ಚುತ್ತದೆ.

ಸರ್ವೀಸ್ ಸೆಂಟರಿನಲ್ಲಿ ಪಾರ್ಟ್ ಬರಲು ಹತ್ತು ದಿನ ಅಂದರು. ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲಿ 900 ರೂಪಾಯಿ, ಇಪ್ಪತ್ತು ನಿಮಿಷ, ‘ಒರಿಜಿನಲ್ಲೇ ಸಾರ್, ಆರು ತಿಂಗಳು ವಾರಂಟಿ’. ನಾಲ್ಕೂವರೆ ತಿಂಗಳಿಗೆ ಬ್ಯಾಕ್ ಪ್ಯಾನಲ್ ವಾಲ್ಯೂಮ್ ಬಟನ್ ಹತ್ತಿರ ಬಾಯಿ ಬಿಟ್ಟಿತು, ಡಿಸ್‌ಪ್ಲೇ ನಡುವೆ ನೇರಳೆ ಬಣ್ಣದ ಕಲೆ ಮೂಡಿತು. ಒಳಗೆ ಬ್ಯಾಟರಿ ಪೂರಿಯ ಹಾಗೆ ಉಬ್ಬಿತ್ತು.

ಉಬ್ಬಿದ್ದನ್ನು ಹುಷಾರಾಗಿ ಹೊರತೆಗೆದು ನೋಡಿದಾಗ ಸಿಕ್ಕಿದ್ದು ಇಷ್ಟು. ಮೇಲಿನ ಸ್ಟಿಕ್ಕರಿನಲ್ಲಿ ಫೋನ್ ಕಂಪನಿಯ ಹೆಸರು, 5000 ಎಂಎಎಚ್, ಎಲ್ಲ ಸರಿ. ಅದರ ಮೂಲೆ ಎದ್ದಿತ್ತು. ಎಳೆದರೆ ಕೆಳಗೆ ಇನ್ನೊಂದು ಲೇಬಲ್, ಬೇರೆಯೇ ಮಾಡೆಲ್ಲಿನದು, 4000 ಎಂಎಎಚ್, ತಯಾರಾಗಿ ಮೂರು ವರ್ಷ ದಾಟಿದ ತಾರೀಖು. ಸೆಲ್ಲಿನ ಅಂಚಿನಲ್ಲಿ ಉಗುರಗಲದ ತಗ್ಗು, ಅಂದರೆ ಹಿಂದೆ ಯಾವುದೋ ಫೋನಿನಿಂದ ಲೋಹದ ಚಮಚೆ ಹಾಕಿ ಎಬ್ಬಿಸಿದ ಗುರುತು. ಬ್ಯಾಟರಿ ಕೂರುವ ಗುಂಡಿಯ ಒಂದು ಬದಿ 3 ಮಿಲಿಮೀಟರ್ ಖಾಲಿ, ಅಲ್ಲಿ ಎರಡು ಪದರ ಡಬಲ್ ಟೇಪ್. ಬಿಸಿ ತಡೆಯುವ ಕ್ಯಾಪ್ಟಾನ್ ಟೇಪಿನ ಕೆಳಗೆ, ಸೆಲ್ಲನ್ನು ಫೋನಿನ ಬೋರ್ಡಿಗೆ ಸೇರಿಸುವ ಕನೆಕ್ಟರ್ ಸ್ಟ್ರಿಪ್ಪನ್ನು ಸೀಸದಿಂದ ಬೆಸೆದಿದ್ದರು. ಕಾರ್ಖಾನೆಯಲ್ಲಿ ಆ ಜಾಗದಲ್ಲಿ ಸ್ಪಾಟ್ ವೆಲ್ಡ್ ಇರುತ್ತದೆ, ಸೀಸದ ಉಂಡೆ ಇರುವುದಿಲ್ಲ. ಹಳೆ ಫೋನಿನಿಂದ ಕಿತ್ತ ಸೆಲ್ಲಿಗೆ ಈ ಫೋನಿನ ಸ್ಟ್ರಿಪ್ಪಿನ ಕಾಪಿ ಅಂಟಿಸಿ, ಹೊಸ ಸ್ಟಿಕ್ಕರ್ ಹಚ್ಚಿದ್ದರು ಅಷ್ಟೇ.

ಉಬ್ಬಿದ್ದು ಯಾಕೆ ಅನ್ನೋದಕ್ಕೆ ಉತ್ತರ ಆ ಕೆಳಗಿನ ಲೇಬಲ್ಲಿನಲ್ಲೇ ಇತ್ತು. ಫೋನಿನ ಲಿಥಿಯಂ ಬ್ಯಾಟರಿ ಮೇಲೆ ಸಾಮಾನ್ಯವಾಗಿ ‘ಚಾರ್ಜ್ ವೋಲ್ಟೇಜ್ ಮಿತಿ’ ಅಂತ ಒಂದು ಅಂಕಿ ಸಣ್ಣಕ್ಷರದಲ್ಲಿ ಇರುತ್ತದೆ. ಹಳೆಯ ಸೆಲ್ಲುಗಳಲ್ಲಿ 4.2 ಅಥವಾ 4.35 ವೋಲ್ಟ್, ಈಚಿನವುಗಳಲ್ಲಿ 4.4ರಿಂದ 4.5ರ ಆಸುಪಾಸಿನ ತನಕ. ಈ ಫೋನು ತನ್ನ ಬ್ಯಾಟರಿಗೆ 4.45 ವೋಲ್ಟ್ ತನಕ ತುಂಬಿಸುತ್ತದೆ. ಕಿತ್ತ ಸೆಲ್ಲಿನ ಮಿತಿ 4.35. ಪಾಯಿಂಟ್ ಒಂದು ವೋಲ್ಟ್ ಏನು ಮಹಾ ಅನ್ನಿಸಬಹುದು, ಆದರೆ ಲಿಥಿಯಂ ಸೆಲ್ಲಿಗೆ ಅದು ದಿನವೂ ಅಜೀರ್ಣವಾಗುವಷ್ಟು ಉಣಿಸಿದ ಹಾಗೆ. ಒಳಗಿನ ಎಲೆಕ್ಟ್ರೋಲೈಟ್ ಅನ್ನೋ ರಾಸಾಯನಿಕ ದ್ರವ ಒಡೆದು ಗ್ಯಾಸ್ ಹುಟ್ಟುತ್ತದೆ, ಅಲ್ಯೂಮಿನಿಯಂ ಪೊಟ್ಟಣ ಊದುತ್ತದೆ. ಆ ಗ್ಯಾಸಿನಲ್ಲಿ ಹೊತ್ತಿ ಉರಿಯುವಂಥವೂ ಇರುತ್ತವೆ.

ಸ್ಟ್ರಿಪ್ಪಿನ ಮೇಲೆ ಇನ್ನೊಂದು ಮೋಸ. ಬ್ಯಾಟರಿಯ ಬಿಸಿ ಅಳೆಯಲು ಥರ್ಮಿಸ್ಟರ್ ಅಂತ ಸಾಸಿವೆ ಕಾಳಿನಷ್ಟು ಪುಟ್ಟ ಬಿಡಿಭಾಗ ಇರುತ್ತದೆ. ಸಾಮಾನ್ಯವಾಗಿ 25 ಡಿಗ್ರಿಯಲ್ಲಿ ಅದರ ರೋಧ 10 ಕಿಲೋ ಓಮ್, ಬಿಸಿ ಏರಿದಂತೆ ಇಳಿಯುತ್ತದೆ. ಬಿಸಿ 45 ಡಿಗ್ರಿ ಸುಮಾರಿಗೆ ಬಂದರೆ ಫೋನ್ ಚಾರ್ಜಿಂಗ್ ನಿಧಾನ ಮಾಡುತ್ತದೆ ಅಥವಾ ನಿಲ್ಲಿಸುತ್ತದೆ. ಇಲ್ಲಿ ಥರ್ಮಿಸ್ಟರ್ ಜಾಗದಲ್ಲಿ ಬದಲಾಗದ 10 ಕಿಲೋ ಓಮ್ ರೆಸಿಸ್ಟರ್ ಕೂರಿಸಿದ್ದರು. ಹಿಂಬದಿ ಕೈ ಸುಡುತ್ತಿದ್ದರೂ ಫೋನಿನ ಲೆಕ್ಕದಲ್ಲಿ ಬ್ಯಾಟರಿ ಸದಾ 25 ಡಿಗ್ರಿ, ತಣ್ಣಗೆ. ಇದನ್ನು ಫೋನ್ ಬಿಚ್ಚದೇ ಹಿಡಿಯಬಹುದು. ಬ್ಯಾಟರಿ ಮಾಹಿತಿ ತೋರಿಸುವ ಯಾವುದಾದರೂ ಆ್ಯಪ್ ಹಾಕಿ, ಚಾರ್ಜಿಗಿಟ್ಟು ಅರ್ಧ ಗಂಟೆ ಬಿಟ್ಟು ನೋಡಿ. ಉಷ್ಣಾಂಶದ ಅಂಕಿ ಒಂದು ಡಿಗ್ರಿಯೂ ಅಲುಗದೆ ಕೂತಿದ್ದರೆ ಅನುಮಾನಪಡಿ. ಎಲ್ಲ ಫೋನಿನಲ್ಲೂ ಈ ಅಳತೆ ಬ್ಯಾಟರಿಯಿಂದಲೇ ಬರುವುದಿಲ್ಲ, ಕೆಲವದರಲ್ಲಿ ಬೋರ್ಡಿನಿಂದ ಬರುತ್ತದೆ, ಹಾಗಾಗಿ ಅಂಕಿ ಅಲುಗಿದ ಮಾತ್ರಕ್ಕೆ ಬ್ಯಾಟರಿ ಒಳ್ಳೆಯದು ಅಂತಲ್ಲ.

ಹಾಗಾದರೆ ಮೊದಲ ವಾರ ಚೆನ್ನಾಗಿಯೇ ನಡೆಯಿತಲ್ಲ? ಜನ ಮೋಸ ಹೋಗುವುದು ಇಲ್ಲೇ. ಪರ್ಸೆಂಟ್ ಅನ್ನುವುದು ಬಹುಮಟ್ಟಿಗೆ ಒಂದು ಲೆಕ್ಕ. ಬ್ಯಾಟರಿಯಲ್ಲಿ 5000 ಇದೆ ಎಂದುಕೊಂಡು ಖರ್ಚಾದದ್ದನ್ನು ಫೋನ್ ಕಳೆಯುತ್ತಾ ಹೋಗುತ್ತದೆ. ಆ ಸೆಲ್ಲಿನಲ್ಲಿ ನಿಜಕ್ಕೂ ಉಳಿದಿದ್ದದ್ದು ಸುಮಾರು 3200. ಅಷ್ಟು ಖರ್ಚಾಗುವಾಗ ಫೋನಿನ ಪುಸ್ತಕದಲ್ಲಿ ಇನ್ನೂ 36 ಪರ್ಸೆಂಟ್ ಬಾಕಿ. ನೂರರಿಂದ ನಲವತ್ತರ ತನಕ ಹೊಸ ಬ್ಯಾಟರಿಯ ಗತ್ತಿನಲ್ಲೇ ಇಳಿದು, 35ರ ಹತ್ತಿರ ದಡಕ್ಕನೆ 4ಕ್ಕೆ ಬೀಳುತ್ತಿತ್ತು. ‘ಸಾಫ್ಟ್‌ವೇರ್ ತೊಂದರೆ, ಎರಡು ಸಲ ಫುಲ್ ಚಾರ್ಜ್ ಮಾಡಿ ಸರಿಹೋಗುತ್ತೆ’ ಅಂದದ್ದು ಅಂಗಡಿಯವರು. ಸರಿಹೋಗಲಿಲ್ಲ. ಹೊಟ್ಟೆ ಉರಿಯುವ ಲೆಕ್ಕ ಇನ್ನೊಂದಿದೆ. ತೆಗೆದುಹಾಕಿದ ಹಳೆಯ ಬ್ಯಾಟರಿ ಮುಕ್ಕಾಲು ಪಾಲು ಉಳಿದಿತ್ತು ಅಂದುಕೊಂಡರೂ 3750. ದುಡ್ಡು ಕೊಟ್ಟು ಹಾಕಿಸಿದ್ದು ಅದಕ್ಕಿಂತ ಕಡಿಮೆ.

ಅಂಗಡಿಯಲ್ಲಿ ಬ್ಯಾಟರಿ ಬದಲಿಸಲೇಬೇಡಿ ಅಂತ ಹೇಳುತ್ತಿಲ್ಲ. ಕೈ ಪಳಗಿದ, ಒಳ್ಳೆ ಮಾಲು ಇಡುವ ರಿಪೇರಿಯವರು ಬೆಂಗಳೂರಿನ ಎಸ್‌ಪಿ ರೋಡಿನಲ್ಲೂ ಇದ್ದಾರೆ, ತಾಲ್ಲೂಕು ಕೇಂದ್ರದಲ್ಲೂ ಇದ್ದಾರೆ. ಆದರೆ ಫೋನ್ ಕೊಟ್ಟು ‘ಟೀ ಕುಡ್ಕೊಂಡು ಬರ್ತೀನಿ’ ಅಂತ ಹೋಗಬೇಡಿ. ಬಿಚ್ಚುವ ಮುಂಚೆಯೇ ಹೊಸ ಬ್ಯಾಟರಿಯನ್ನು ಕೈಗೆ ತೆಗೆದುಕೊಳ್ಳಿ. ಮೊದಲು ಗುಣಾಕಾರ ಮಾಡಿ: ಆಂಪಿಯರ್ ಅವರ್ ಗುಣಿಸು ವೋಲ್ಟ್, ಬರಬೇಕಾದದ್ದು ವ್ಯಾಟ್ ಅವರ್. 5000 ಎಂಎಎಚ್ ಅಂದರೆ 5 ಆಂಪಿಯರ್ ಅವರ್, ಅದನ್ನು 3.85ರಿಂದ ಗುಣಿಸಿದರೆ 19.25. ಸ್ಟಿಕ್ಕರ್ ಪ್ರಿಂಟ್ ಹಾಕಿಸುವವರು ಎಂಎಎಚ್ ಮಾತ್ರ ಬದಲಿಸಿ ವ್ಯಾಟ್ ಅವರ್ ಮರೆತಿರುವುದುಂಟು. ಲೇಬಲ್ಲಿನ ಅಂಚನ್ನು ಬೆರಳಲ್ಲಿ ಸವರಿ, ಒಂದರ ಮೇಲೊಂದು ಸ್ಟಿಕ್ಕರ್ ಇದ್ದರೆ ಮೆಟ್ಟಿಲು ತಾಗುತ್ತದೆ. ತೂಕದ ಮಾಪಕ ಸಿಕ್ಕರೆ ಇನ್ನೂ ಒಳ್ಳೆಯದು: ಈ ಗಾತ್ರದ ಅಸಲಿ ಬ್ಯಾಟರಿ ಹೆಚ್ಚುಕಡಿಮೆ 70 ಗ್ರಾಂ ತೂಗುತ್ತದೆ, 50ರ ಆಸುಪಾಸು ಬಂದರೆ ಅಷ್ಟು ಮಾಲು ಒಳಗಿಲ್ಲ. ಹಳೆಯದು ಹೊರಬಂದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಉದ್ದ, ಅಗಲ, ಸ್ಟ್ರಿಪ್ಪಿನ ತಿರುವು, ಚಾರ್ಜ್ ವೋಲ್ಟೇಜ್ ಮಿತಿ ಹೋಲಿಸಿ. ಈ ಕೊನೆಯ ಅಂಕಿ ಎರಡರಲ್ಲೂ ಒಂದೇ ಇರಲೇಬೇಕು. ಅದರಲ್ಲಿ ಚೌಕಾಶಿ ಇಲ್ಲ.

ನಮ್ಮ ದೇಶದಲ್ಲಿ ಮೊಬೈಲ್ ಬ್ಯಾಟರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯ, ಐಎಸ್ 16046 ಅನ್ನುವ ಮಾನದಂಡದ ಕೆಳಗೆ. ಲೇಬಲ್ಲಿನ ಮೇಲೆ ಬಿಐಎಸ್ ಗುರುತಿನ ಜೊತೆ ‘ಆರ್’ ಅಕ್ಷರದಿಂದ ಶುರುವಾಗಿ ಎಂಟು ಅಂಕಿ ಇರುವ ನಂಬರ್ ಇರುತ್ತದೆ. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ನಂಬರ್ ಹಾಕಿದರೆ ತಯಾರಕರ ಹೆಸರು, ಯಾವ ವಸ್ತುವಿಗೆ ನೋಂದಣಿ ಅನ್ನೋದು ಬರುತ್ತದೆ. ನಕಲಿಯವರು ಅಸಲಿ ನಂಬರನ್ನೇ ಕದ್ದು ಛಾಪಿಸಬಹುದು, ನಿಜ. ಆದರೂ ಎಷ್ಟೋ ಸಲ ಆ ನಂಬರ್ ಪವರ್ ಬ್ಯಾಂಕಿನದೋ ಎಲ್‌ಇಡಿ ಬಲ್ಬಿನದೋ ಆಗಿರುತ್ತದೆ, ಅಥವಾ ನಂಬರೇ ಇರುವುದಿಲ್ಲ. ಚಾರ್ಜರಿಗೂ ಇದೇ ಪರೀಕ್ಷೆ ನಡೆಯುತ್ತದೆ.

ಕೆಲಸ ಮಾಡುವಾಗ ಕಣ್ಣಿಡಬೇಕಾದದ್ದು ಒಂದೇ ಜಾಗದಲ್ಲಿ: ಹಳೆಯ ಬ್ಯಾಟರಿಯನ್ನು ಗಮ್ಮಿನಿಂದ ಬಿಡಿಸುವಾಗ. ಅಂಗಡಿಗೆ ಹೋಗುವ ಮುಂಚೆ ಚಾರ್ಜನ್ನು 25 ಪರ್ಸೆಂಟಿಗಿಂತ ಕೆಳಗೆ ಇಳಿಸಿಕೊಂಡು ಹೋಗಿ. ತುಂಬಿದ ಸೆಲ್ಲಿಗೆ ಪೆಟ್ಟಾದರೆ ಹೊತ್ತಿಕೊಳ್ಳುವ ಅಪಾಯ ಹೆಚ್ಚು. ಎಳೆಯುವ ಪಟ್ಟಿ ಇದ್ದರೆ ಪಟ್ಟಿ, ಇಲ್ಲದಿದ್ದರೆ ಐಸೋಪ್ರೊಪೈಲ್ ಆಲ್ಕೊಹಾಲ್ ಒಂದೆರಡು ಹನಿ ಅಂಚಿಗೆ ಬಿಟ್ಟು ಎರಡು ನಿಮಿಷ ಕಾದು ಪ್ಲಾಸ್ಟಿಕ್ ಕಾರ್ಡ್. ಲೋಹದ ಚಮಚೆ ಒಳಗಿಳಿಯುವುದು ಕಂಡರೆ ಅಲ್ಲೇ ತಡೆಯಿರಿ. ಸೆಲ್ಲಿನ ಮೂಲೆ ಸ್ವಲ್ಪ ಮಡಚಿದರೆ ಏನಾಗುತ್ತದೆ ಅನ್ನೋದಕ್ಕೆ 2016ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಸಾಕ್ಷಿ. ಮೊದಲ ಬ್ಯಾಚಿನ ಬ್ಯಾಟರಿಗಳಲ್ಲಿ ಮೇಲಿನ ಬಲ ಮೂಲೆಯಲ್ಲಿ ಜಾಗ ಸಾಲದೆ ಎಲೆಕ್ಟ್ರೋಡ್ ಬಾಗಿ ಶಾರ್ಟ್ ಆಗಿತ್ತು, ಫೋನುಗಳನ್ನೇ ವಾಪಸ್ ಕರೆಸಬೇಕಾಯಿತು. ಇನ್ನೊಂದು ಸಂಗತಿ ಯಾರೂ ಹೇಳುವುದಿಲ್ಲ: ನೀರು ತಡೆಯುವ ಫೋನನ್ನು ಒಮ್ಮೆ ಬಿಚ್ಚಿದರೆ ಅಂಚಿನ ಅಂಟು ಹೋಗಿರುತ್ತದೆ. ಹೊಸ ಅಂಟುಪಟ್ಟಿ ಹಾಕದೆ ಬರೀ ಗಮ್ ಸುರಿದು ಮುಚ್ಚಿದ್ದರೆ ಮಳೆಯಲ್ಲಿ ಹೊರತೆಗೆಯಬೇಡಿ.

ಬ್ಯಾಟರಿ ಹಾಕಿಸಿದ ಮೊದಲ ವಾರದೊಳಗೆ ಅಳತೆ ನೋಡಿ, ಆರು ತಿಂಗಳ ವಾರಂಟಿ ನಂಬಿ ಕೂರಬೇಡಿ. ಯುಎಸ್‌ಬಿ ಮೀಟರ್ ಅಂತ ಸಿಗುತ್ತದೆ, ಬೆಂಡೆಕಾಯಿಯಷ್ಟು ಉದ್ದದ ಸಾಧನ, ಚಾರ್ಜರ್ ಮತ್ತು ಕೇಬಲ್ ಮಧ್ಯೆ ಸಿಕ್ಕಿಸುವುದು. ಫೋನನ್ನು 2–3 ಪರ್ಸೆಂಟಿಗೆ ಇಳಿಸಿ, ಆಫ್ ಮಾಡಿ, ಸಾದಾ 5 ವೋಲ್ಟ್ 2 ಆಂಪಿಯರ್ ಚಾರ್ಜರಿನಲ್ಲಿ ಪೂರ್ತಿ ತುಂಬಿಸಿ. ದಾರಿಯಲ್ಲಿ ನೂರಕ್ಕೆ ಹತ್ತು ಹದಿನೈದರಷ್ಟು ಬಿಸಿಯಾಗಿ ನಷ್ಟವಾಗುತ್ತದೆ, ಹಾಗಾಗಿ 19.25 ವ್ಯಾಟ್ ಅವರಿನ ಬ್ಯಾಟರಿಗೆ ಮೀಟರಿನಲ್ಲಿ 21ರಿಂದ 23 ಬರಬೇಕು. ಈ ಫೋನಿನಲ್ಲಿ ಬಂದದ್ದು 14. ಎಂಎಎಚ್ ಅಂಕಿಯನ್ನು ನೋಡಬೇಡಿ, ಮೀಟರ್ ಅದನ್ನು 5 ವೋಲ್ಟಿನಲ್ಲಿ ಅಳೆಯುವುದರಿಂದ ಒಳ್ಳೆಯ ಬ್ಯಾಟರಿಗೂ 4400 ಸುಮಾರು ತೋರಿಸಿ ಗಾಬರಿ ಹುಟ್ಟಿಸುತ್ತದೆ. ಮೀಟರ್ ಇಲ್ಲದವರಿಗೆ ಗಡಿಯಾರ ಸಾಕು. 10 ವ್ಯಾಟ್ ಚಾರ್ಜರಿನಲ್ಲಿ 5000 ಎಂಎಎಚ್ ತುಂಬಲು ಎರಡು ಗಂಟೆಯಂತೂ ಬೇಕೇ ಬೇಕು, ಕೊನೆಯ ಭಾಗ ನಿಧಾನವಾಗುವುದರಿಂದ ಸಾಮಾನ್ಯವಾಗಿ ಇನ್ನೂ ಹೆಚ್ಚು. ಒಂದೂವರೆ ಗಂಟೆಗೇ ನೂರು ತೋರಿಸಿದರೆ ಖುಷಿಪಡಬೇಡಿ.

ಐಫೋನಿನವರಿಗೆ ಸೆಟ್ಟಿಂಗ್ಸಿನ ‘ಅಬೌಟ್’ ಪುಟದಲ್ಲಿ ಬ್ಯಾಟರಿ ಅಸಲಿಯೋ ಅಲ್ಲವೋ ಅಂತ ಕಾಣುತ್ತದೆ, ಎಕ್ಸ್‌ಎಸ್, ಎಕ್ಸ್‌ಆರ್ ಮತ್ತು ಆಮೇಲಿನ ಮಾಡೆಲ್ಲುಗಳಲ್ಲಿ.

ಉಬ್ಬಿದ ಲಕ್ಷಣ ಕಂಡರೆ, ಅಂದರೆ ಪ್ಯಾನಲ್ ಎದ್ದರೆ, ಮೇಜಿನ ಮೇಲಿಟ್ಟ ಫೋನ್ ಬುಗುರಿಯಂತೆ ತಿರುಗಿದರೆ, ಡಿಸ್‌ಪ್ಲೇ ಒತ್ತಿದಾಗ ಮೆತ್ತಗೆ ಅನ್ನಿಸಿದರೆ, ಚಾರ್ಜ್ ಹಾಕುವುದನ್ನು ಆ ಕ್ಷಣವೇ ನಿಲ್ಲಿಸಿ. ಫೋಟೋ, ಕಾಂಟ್ಯಾಕ್ಟ್ ಬ್ಯಾಕಪ್ ಮಾಡಬೇಕೆಂದರೆ ಉಳಿದ ಚಾರ್ಜಿನಲ್ಲೇ ಮಾಡಿ ಆಫ್ ಮಾಡಿ. ಎದ್ದ ಪ್ಯಾನಲ್ಲನ್ನು ಒತ್ತಿ ಕೂರಿಸಿ ರಬ್ಬರ್ ಬ್ಯಾಂಡ್ ಹಾಕುವುದು ಬೇಡವೇ ಬೇಡ. ಪಿನ್ ಚುಚ್ಚಿ ಗಾಳಿ ಬಿಡುವ ವೀಡಿಯೋಗಳನ್ನು ನಂಬಬೇಡಿ, ಒಳಗಿರುವುದು ಗಾಳಿಯಲ್ಲ, ಆ ಗ್ಯಾಸು; ಹೊರಗಿನ ಗಾಳಿ ಒಳಹೊಕ್ಕ ಮೇಲೆ ಸೆಲ್ ಹೊತ್ತಿಕೊಳ್ಳಬಹುದು. ಫ್ರಿಜ್ಜಿನಲ್ಲಿಡುವುದೂ ಪ್ರಯೋಜನವಿಲ್ಲ. ಉಬ್ಬಿದ್ದು ಇಳಿಯುವುದಿಲ್ಲ. ಒಣ ಮರಳು ಹಾಕಿದ ಸ್ಟೀಲ್ ಡಬರಿಯಲ್ಲಿ, ಬಿಸಿಲು ಬೀಳದ ಹೊರಗಿನ ಜಾಗದಲ್ಲಿ, ಮುಚ್ಚಳ ಬಿಗಿಯದೆ ಇಡಿ. ಹೊಗೆ ಬಂದರೆ ಮೂಗು ಹತ್ತಿರ ಒಯ್ಯಬೇಡಿ, ಅದರಲ್ಲಿ ಹೈಡ್ರೋಜನ್ ಫ್ಲೋರೈಡ್ ಅನ್ನೋ ವಿಷಾನಿಲ ಇರುತ್ತದೆ. ಪ್ಲಗ್ ಕಿತ್ತು, ದೂರ ನಿಂತು ಧಾರಾಳವಾಗಿ ನೀರು ಸುರಿಯಿರಿ. ಫೋನಿನಷ್ಟು ಸಣ್ಣ ಬ್ಯಾಟರಿಗೆ ನೀರೇ ಸರಿ, ಬೆಂಕಿ ಆರಿದ ಮೇಲೂ ಸೆಲ್ ತಣ್ಣಗಾಗುವ ತನಕ ಸುರಿಯಬೇಕು. ಹೊರದೇಶದಲ್ಲಿ ಇರುವವರು ‘ಊರಿಗೆ ಬಂದಾಗ ಕಡಿಮೆಗೆ ಮಾಡಿಸೋಣ’ ಅಂತ ಉಬ್ಬಿದ ಫೋನನ್ನು ಬ್ಯಾಗಿಗೆ ಹಾಕಿಕೊಳ್ಳಬೇಡಿ, ಕೆಟ್ಟ ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಕೈಚೀಲದಲ್ಲೂ ಇಲ್ಲ.

ವಾರಂಟಿ ಕೇಳಲು ಹೋದಾಗ ಬರುವ ಉತ್ತರ ಸಾಮಾನ್ಯವಾಗಿ ‘ನಿಮ್ಮ ಚಾರ್ಜರ್ ಲೋಕಲ್ ಸಾರ್’. ಅದಕ್ಕೇ ಹಾಕಿಸುವ ದಿನವೇ ಬಿಲ್ಲಿನಲ್ಲಿ ಫೋನಿನ ಐಎಂಇಐ (ಪ್ರತಿ ಫೋನಿಗೂ ಇರುವ ಬೇರೆ ಬೇರೆ ಗುರುತಿನ ನಂಬರ್), ಬ್ಯಾಟರಿ ಮಾಡೆಲ್ ನಂಬರ್, ವಾರಂಟಿ ಅವಧಿ ಬರೆಸಿಕೊಳ್ಳಿ, ಬ್ಯಾಟರಿಯ ಲೇಬಲ್ಲಿನ ಫೋಟೋ ತೆಗೆದುಕೊಳ್ಳಿ. ಬಿಲ್ ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ‘ಬಿಲ್ ಬೇಕಂದ್ರೆ ನೂರು ಜಾಸ್ತಿ’ ಅಂದರೆ ಆ ನೂರು ಕೊಟ್ಟುಬಿಡಿ. ಈ ಪ್ರಸಂಗದಲ್ಲಿ ಬಿಲ್ ಇರಲಿಲ್ಲ. ಡಿಸ್‌ಪ್ಲೇ ಕಾಂಬೋ (ಗಾಜು, ಟಚ್ ಸಮೇತ ಡಿಸ್‌ಪ್ಲೇ) ಸೇರಿ ಆದ ಖರ್ಚು ಸರ್ವೀಸ್ ಸೆಂಟರಿನ ಬ್ಯಾಟರಿ ಬೆಲೆಯನ್ನು ಎಲ್ಲೋ ಹಿಂದೆ ಹಾಕಿತ್ತು.

ಕಿತ್ತ ಬ್ಯಾಟರಿಯನ್ನು ಒಣಕಸದ ಚೀಲಕ್ಕೆ ಹಾಕಬೇಡಿ. ಕಸದ ಲಾರಿಯಲ್ಲಿ ಒತ್ತುವ ಯಂತ್ರ ಇರುತ್ತದೆ, ಬ್ಯಾಟರಿ ಅದಕ್ಕೆ ಸಿಕ್ಕಿ ಹಿಂಡಿದರೆ ಲಾರಿಗೇ ಬೆಂಕಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಅದನ್ನು ಬೇರೆ ಕಸದಿಂದ ಬೇರ್ಪಡಿಸಿಯೇ ಕೊಡಬೇಕು. ಸ್ಟ್ರಿಪ್ಪಿನ ಕನೆಕ್ಟರಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಮರಳಿನ ಡಬರಿ ಸಮೇತ ಸರ್ವೀಸ್ ಸೆಂಟರಿಗೋ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೋ ಒಯ್ಯಿರಿ. ಕೈಗೆ ಕೊಡುವಾಗ ‘ಇದು ಉಬ್ಬಿದ್ದು’ ಅಂತ ಬಾಯಿಬಿಟ್ಟು ಹೇಳಿ. ಸುಮ್ಮನೆ ಡಬ್ಬಿಗೆ ಹಾಕಿ ಬಂದರೆ ಅದರ ಮೇಲೆ ಇನ್ನಷ್ಟು ಬ್ಯಾಟರಿ ಬೀಳುತ್ತವೆ.